ಅಜ್ಜಮ್ಮನ ಕುಟ್ಟಾಣಿ

ಸೊಕ್ಕೆ,
ಲಾಕ್‌ಡೌನಿನ ಮೂರನೇ ವಾರ

ಎಲೆ ಮಾರುವ ಗಾದ್ರಮ್ಮಕ್ಕನವರಿಗೆ ಅಂಜಿನಪ್ಪ ಮಾಡುವ ನಮಸ್ಕಾರ.

ಊರಿಗೆ ಧೈರ್ಯವಂತ ನಾನೊಬ್ಬನೇ ನೋಡಿ, ಅದಕ್ಕೇ ಎದುರುಮನೆಯ ಒಂಟಿ ಅಜ್ಜಮ್ಮನಿಗೆ ದಿನಾ ಮುದ್ದೆ ಸಾರು ಜಗಲಿಯ ಮೇಲಿಟ್ಟು ಬರುತ್ತೇನೆ. ಕೊರೋನಾ ಭಯಕ್ಕೆ ಆಕೆ ಕದ ತೆಗೆಯುವುದಿಲ್ಲ. ಹಲ್ಲಿಲ್ಲದ ಆಕೆ ಒಳಗೆ ಎಲೆ ಅಡಿಕೆ ಕುಟ್ಟುವ ಸದ್ದು ಕೇಳಿದರೆ, ಕ್ಷೇಮವಾಗಿದ್ದಾಳೆಂದು ತಿಳಿದು ಹೊರಡುತ್ತೇನೆ.

ಸಂತೆ ನಿಂತು ನೀವು ಬರುವುದೂ ನಿಂತ ಮೇಲೆ ಊರಲ್ಲಿ ಒಂದೆಲೆಯೂ ಇಲ್ಲ. ಕುಟ್ಟಾಣಿಯ ಸದ್ದು ಮಾತ್ರ ನಿಲ್ಲಲಿಲ್ಲ! ಎಲೆ ಎಲ್ಲಿಂದ ಬರುತ್ತಿದೆ? ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಫಸ್ಟು ಬಂದ ನನಗೂ ಈ ಲೆಕ್ಕ ಬಗೆಹರಿಯಲಿಲ್ಲ. ತಡೆಯಲಾರದೆ ನಿನ್ನೆ ಕಿಟಕಿಯಲ್ಲಿ ಇಣುಕಿದೆ. ಕುಟ್ಟಾಣಿ ಖಾಲಿ.

“ಬರೀ ಕುಟ್ಟಾಣಿ ಕುಟ್ತೀಯಲ್ಲಜ್ಜಿ, ತಲೆ ನೆಟ್ಟಗೈತಾ?” ಅಂದೆ.

“ಸದ್ದು ಕೇಳದಿದ್ರೆ ನೀನು ಕದ ಮುರಿಯಾಕೆ ಬರ್ತೀಯ ಕಣೋ. ಅದನ್ನ ರಿಪೇರಿ ಮಾಡಾಕೆ ಈಗ ಬಡಿಗೇರು ಎಲ್ಲಿ ಸಿಗ್ತಾರೆ?” ಅಂದಳು.

ಅಕ್ಕಾ, ಕೊಳ್ಳುವವರಿಲ್ಲದೆ ನಿಮ್ಮ ಎಲೆ ಮನೆಯಲ್ಲೇ ಬಾಡುತ್ತಿದೆ ಎಂದು ಈ ಪತ್ರ ತರುವ ಹಾಲಿನ ಗಾಡಿಯ ವೆಂಕಟೇಶ ಹೇಳಿದ. ದಿನಾ ಅವನ ಕೈಲೇ ಕಳಿಸಿ. ಕೇರಿಯವರೆಲ್ಲ ಕೊಳ್ಳುವಂತೆ ಮಾಡುವುದು ನನ್ನ ಕೆಲಸ. ನನ್ನ ಬಾಯಿ ನಿಮಗೆ ಗೊತ್ತಲ್ಲ! ಅಜ್ಜಮ್ಮನಿಗೆ ಎಳೆಯ ಎಲೆ ಬೇರೆಯಾಗಿ ಕಟ್ಟಿ.

ಜಗಳೂರಲ್ಲಿ ನೀವೂ ಒಬ್ಬರೇ ಇದ್ದೀರಂತೆ. ಎಲೆ ಕಟ್ಟು ಬಂದರೆ ನೀವು ಚೆನ್ನಾಗಿದ್ದೀರಿ ಅಂದುಕೊಳ್ಳುತ್ತೇನೆ. ಬರದಿದ್ದರೆ ಕದ ಮುರಿಯಾಕೆ ಅಲ್ಲಿಗೇ ಬರ್ತೀನಿ.

ಇಂತಿ,
ಊರಿಗೆಲ್ಲ ಮಾವ,
ಅಂಜಿನಪ್ಪ