ಹೆರೆದು ತೆಗೆದ ಬಾವಿ

ಮಾರ್ಚ್ 3, ಬೆಳಿಗ್ಗೆ 11
ಮತ್ತೆ ಬಾಗಿಲಿನದೇ ರಗಳೆ. ಗಡಿಗೆರೆಯ ಮೇಲೆ ಕಟ್ಟುವ ಭವನ, ಎರಡೂ ದೇಶದವರು ಒಟ್ಟಿಗೆ ಕೂರಬೇಕಾದ ಹಜಾರ — ಬಾಗಿಲು ಯಾರ ಕಡೆಗೆ ತೆರೆಯಬೇಕು? ಎರಡು ಗಂಟೆ ಮೀಟಿಂಗ್. ಕೊನೆಗೆ ಸ್ಲೈಡಿಂಗ್ ಡೋರ್ ಹಾಕುತ್ತೇನೆ ಎಂದೆ. ಎರಡೂ ಕಡೆಯವರು ಮೂಗು ಮುರಿದರು. ಅಂದರೆ ಒಪ್ಪಿದರು ಅಂತ. ನಲವತ್ತು ವರ್ಷದಲ್ಲಿ ಇದೇ ಮೊದಲಂತೆ.

ಮಾರ್ಚ್ 6
ಆ ಕಡೆಯ ಮೇಸ್ತ್ರಿ ಬಂದ. ಒಪ್ಪಂದದ ಪ್ರಕಾರ ಪ್ರತಿ ಗೋಡೆಗೂ ಅವರದೊಂದು ಕೈ, ನಮ್ಮದೊಂದು ಕೈ. ನನಗಿಂತ ಎರಡು ಮೂರು ವರ್ಷ ಚಿಕ್ಕವನಿರಬಹುದು. ಮಾತು ಕಡಿಮೆ, ದಾರ ಹಿಡಿದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಚಹಾ ಕುಡಿಯುವಾಗ ತಾನಾಗಿ ಹೇಳಿದ — ಗಡಿ ಗಲಾಟೆಯ ವರ್ಷ ಅವನ ಅಣ್ಣ ಕೊಡ ಹಿಡಿದು ನೀರಿಗೆಂದು ಈ ಕಡೆ ಬಂದವನು ಮರಳಲಿಲ್ಲ.
"ಇಲ್ಲೆಲ್ಲೋ ಒಂದು ಬಾವಿ ಇತ್ತಂತೆ ಮೇಡಂ. ಅಮ್ಮ ಈಗ್ಲೂ ಕೇಳ್ತಾಳೆ."
ನಕ್ಷೆಯಲ್ಲಿ ಬಾವಿ ಇಲ್ಲ ಎಂದೆ.

ಮಾರ್ಚ್ 7, ಮಧ್ಯಾಹ್ನ
ಮನಸ್ಸು ತಡೆಯದೆ ಹಳೆಯ ಮೂಲ ನಕ್ಷೆ ತರಿಸಿದೆ. ಟ್ರೇಸಿಂಗ್ ಶೀಟ್. ಮೂಲೆಯಲ್ಲಿ ಅಪ್ಪನ ಸಹಿ — ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಹಜಾರದ ನಟ್ಟನಡುವೆ ಬರುವ ಜಾಗದಲ್ಲಿ ಬೆರಳಾಡಿಸಿದರೆ ತರಿತರಿ. ಆಗೆಲ್ಲ ಇಂಕಿನ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಹೆರೆದು, ಉಗುರಿನಿಂದ ಉಜ್ಜುತ್ತಿದ್ದರು. ನನಗೂ ಅಪ್ಪನೇ ಕಲಿಸಿದ್ದು. ಬೆಳಕಿಗೆ ಹಿಡಿದೆ. ದುಂಡನೆಯ ಮಬ್ಬು ಗುರುತು... ಬಾವಿಯದೇ.

ಮಾರ್ಚ್ 8
ಅಪ್ಪನನ್ನು ಕೇಳಲಿಲ್ಲ.

ಮಾರ್ಚ್ 15
ಹಜಾರವನ್ನು ಕಂಪ್ಯೂಟರಿನಲ್ಲಿ ಗಡಿಗೆರೆಯುದ್ದಕ್ಕೆ ಹತ್ತು ಮೀಟರ್ ಸರಿಸಿದೆ. ಮಣ್ಣು ಸಡಿಲ ಎಂದು ಕಾರಣ ಕೊಟ್ಟೆ. ಆ ಜಾಗಕ್ಕೆ ಹುಲ್ಲುಹಾಸು ಎಂದು ಬರೆದೆ. ಬ್ಲೇಡೂ ಬೇಕಾಗಲಿಲ್ಲ. ಬಾವಿ ತೆರೆದರೆ ಎರಡೂ ಕಡೆ ಬೆಂಕಿ ಹೊತ್ತುತ್ತದೆ, ಭವನ ಅಲ್ಲಿಗೇ ನಿಲ್ಲುತ್ತದೆ, ಅಪ್ಪನ ಹೆಸರು ಬೀದಿಗೆ ಬರುತ್ತದೆ. ಸರಿಸಿದ್ದೇ ಸರಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಸೈಟಿನಲ್ಲಿ ಮಾತ್ರ ಆ ಜಾಗ ತುಳಿಯದೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮೇಸ್ತ್ರಿ ಅದನ್ನೂ ಗಮನಿಸಿದ್ದಾನೆ.

ಮಾರ್ಚ್ 19, ಸಂಜೆ
ಕೊನೆಗೂ ಕೇಳಿದೆ. ಅಪ್ಪ ಪೇಪರ್ ಮಡಿಸಿಟ್ಟರು. ಮೊದಲು ಬಾವಿಯೇ ಇರಲಿಲ್ಲ ಎಂದರು. ಶೀಟನ್ನು ಮೇಜಿನ ಮೇಲೆ ಬಿಡಿಸಿದೆ. ಅವರ ಬೆರಳು ತಾನಾಗಿ ಆ ತರಿಯ ಮೇಲೆ ಹೋಯಿತು.
"ಹನ್ನೊಂದು ಜನ ಪುಟ್ಟಿ. ಆಫೀಸರು ಅಳಿಸು ಅಂದ್ರು, ಅಳಿಸ್ದೆ."
ಸತ್ತ ಮೇಲೆ ಬಾವಿಗೆ ಹಾಕಿದರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.
"ನಾನು ಹೆರೀತಿದ್ದಾಗ ಇನ್ನೂ ಕೂಗ್ತಿದ್ರು. ಕಚೇರಿ ಪಕ್ಕದಲ್ಲೇ ಇತ್ತಲ್ಲ."
ಅಸಹ್ಯವಾಯಿತು. ಅವರ ಬೆರಳು ಇನ್ನೂ ಆ ತರಿಯ ಮೇಲೇ ಇರುವುದು ನೋಡಿ ಪಾಪ ಎಂದೂ ಅನಿಸಿತು. ಎರಡೂ ಒಟ್ಟಿಗೆ. ಮಾತ್ರೆ ಕೊಟ್ಟು ಎದ್ದು ಬಂದೆ.

ಮಾರ್ಚ್ 24
ನಲ್ಲಿ ತಿರುಗಿಸಿದರೆ ಕೇಳುತ್ತದೆ. ಲಿಫ್ಟಿನೊಳಗೆ ಕೇಳುತ್ತದೆ. ಇಂದು ಹೊಸ ನಕ್ಷೆಗೆ ಎರಡೂ ಕಡೆಯ ಸಹಿ ಬಿತ್ತು, ಒಂದೂ ತಕರಾರಿಲ್ಲದೆ. ಎಲ್ಲರೂ ಬೆನ್ನು ತಟ್ಟಿದರು. ಮನೆಗೆ ಬಂದು ಹಳೆಯ ಶೀಟನ್ನು ಮತ್ತೆ ಬೆಳಕಿಗೆ ಹಿಡಿದೆ.

ಏಪ್ರಿಲ್ 2, ಬೆಳಿಗ್ಗೆ 9, ಸೈಟಿನಲ್ಲೇ
ಪಾಯಕ್ಕೆ ಗುರುತು ಹಾಕುವ ದಿನ. ಸುಣ್ಣದ ಪುಡಿಯ ಡಬ್ಬ ನಾನೇ ಹಿಡಿದೆ. ಹೊಸ ನಕ್ಷೆಯನ್ನು ಬಿಟ್ಟು ಹುಲ್ಲುಹಾಸಿನ ಜಾಗಕ್ಕೆ ಹೋಗಿ ದುಂಡಗೆ ಸುರಿದೆ. ಮೇಸ್ತ್ರಿ ದಾರದ ಉಂಡೆ ಕೆಳಗಿಟ್ಟು ಬಂದ. ನೆಲ ನೋಡಿದ, ನನ್ನ ಮುಖ ನೋಡಿದ. ತಲೆಯ ಮೇಲಿನ ಟೋಪಿ ತೆಗೆದ.
"ಯಾರು ಹೇಳಿದ್ರು ಅಕ್ಕಾ?"
ಐದು ನಿಮಿಷ ಕೊಡಿ ಎಂದು ಇಲ್ಲಿ ಬಂದು ಕೂತಿದ್ದೇನೆ. ಅವನು ಅಲ್ಲೇ ನಿಂತಿದ್ದಾನೆ, ಗೆರೆ ತುಳಿಯದಂತೆ. ಹೇಳಬೇಕಾದ್ದನ್ನು ಮೊದಲು ಬರೆದು ನೋಡುತ್ತೇನೆ.
ಮೇಸ್ತ್ರಿ, ಹೇಳಿದ್ದು ನಮ್ಮಪ್ಪ. ಅವರು ಆವತ್ತು ಪಕ್ಕದ ಕಚೇರಿಯಲ್ಲಿ ಕೂತು ಈ ಬಾವಿಯನ್ನು ನಕ್ಷೆಯಿಂದ ಹೆರೆಯುತ್ತಿದ್ದಾಗ, ಒಳಗಿದ್ದವರು ಇನ್ನೂ —