ಮೊಲ ಹಿಡಿದ ಕೈ

ಭಾನುವಾರ, ಜೂನ್ 4

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ನೂರು ಮುತ್ತುಗಳು. ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರ ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನಪ್ಪನ ಮಂಡಿನೋವು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ, ಥೇಟ್ ಅವರ ಹಾಗೆಯೇ.

ಒಂದು ಸುದ್ದಿ ಹೇಳದೆ ಹೊಟ್ಟೆ ಉಬ್ಬುತ್ತಿದೆ. ಹೋದ ತಿಂಗಳು ನಮ್ಮ ಪ್ರಾಣಿಗಳ ಆಸ್ಪತ್ರೆಗೆ ಗಡಿಯಾರ ರಿಪೇರಿಯವರು ತಮ್ಮ ಮೊಲದ ಉಗುರು ಕತ್ತರಿಸಲು ಬಂದಿದ್ದರು. ಮೊಲದ ಹೆಸರು ಹತ್ತಿ, ಐದು ವರ್ಷದ ಹೆಣ್ಣು. ನನ್ನ ಕೆಲಸ ನಿನಗೆ ಗೊತ್ತಲ್ಲ, ಹಿಡಿದುಕೊಳ್ಳುವುದು. ಹೊಟ್ಟೆಯಡಿ ಅಂಗೈ ಇಟ್ಟಾಗ, ಗೋಲಿಗಳನ್ನು ಪೋಣಿಸಿಟ್ಟ ಹಾಗೆ ಏನೋ ಗಟ್ಟಿಯಾಗಿ ತಗುಲಿತು. ಇಪ್ಪತ್ತೆರಡು ವರ್ಷ ಮೊಲ ಹಿಡಿದ ಕೈ. ಇದು ಸರಿಯಿಲ್ಲ ಎಂದು ಅದಕ್ಕೆ ಗೊತ್ತಾಯಿತು.

“ತಿಂದು ದಪ್ಪ ಆಗಿದೆ, ಅಷ್ಟೇ ಕಣಮ್ಮ,” ಎಂದರು ಗಡಿಯಾರದವರು.

ಹೊಸ ಡಾಕ್ಟರಮ್ಮ ಮುಟ್ಟಿ ನೋಡಿ, “ನಂಗೇನೂ ಸಿಗ್ತಿಲ್ವಲ್ಲ,” ಎಂದರು.

ಏಳನೇ ಕ್ಲಾಸಿಗೇ ಓದು ಬಿಟ್ಟವಳು ಡಾಕ್ಟರಿಗೆ ಹೇಳಿಕೊಡುವುದೇ? ನಾಲಿಗೆ ತುದಿಗೆ ಬಂದದ್ದನ್ನು ನುಂಗಿಬಿಡೋಣ ಎನಿಸಿತು. ಆದರೆ ಮೊಲ ನೋವನ್ನು ಬಚ್ಚಿಟ್ಟುಕೊಳ್ಳುವ ಪ್ರಾಣಿ, ಪುಟ್ಟಿ. ಅದು ತೋರಿಸಿಕೊಳ್ಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅವರ ಬೆರಳು ಹಿಡಿದು ಆ ಜಾಗದಲ್ಲಿಟ್ಟೆ. “ಒತ್ತಬೇಡಿ ಡಾಕ್ಟ್ರೇ, ಸುಮ್ನೆ ಇಡಿ. ಅದಾಗೇ ಬಂದು ತಗಲುತ್ತೆ.”

ಅವರ ಮುಖದ ಬಣ್ಣವೇ ಬದಲಾಯಿತು.

ಸ್ಕ್ಯಾನ್ ಮಾಡಿದರೆ ಗರ್ಭಕೋಶದ ತುಂಬ ಗಡ್ಡೆ. ಗರ್ಭಕೋಶ ತೆಗೆಸದ ಹೆಣ್ಣು ಮೊಲಗಳಿಗೆ ನಾಲ್ಕು ವರ್ಷ ದಾಟಿದ ಮೇಲೆ ಇದು ತೀರಾ ಸಾಮಾನ್ಯವಂತೆ. ಬಿಟ್ಟರೆ ಶ್ವಾಸಕೋಶಕ್ಕೆ ಹಬ್ಬುತ್ತದಂತೆ. ಪುಣ್ಯಕ್ಕೆ ಎಕ್ಸ್‌ರೇಯಲ್ಲಿ ಎದೆ ಸ್ವಚ್ಛವಾಗಿತ್ತು. ಗಡಿಯಾರದವರು ಬೆಂಚಿನ ಮೇಲೆ ಕುಸಿದು, “ಕೂದಲೆಳೆಯಷ್ಟು ಸ್ಪ್ರಿಂಗ್ ಹುಡುಕೋನು ನಾನು. ದಿನಾ ತೊಡೆ ಮೇಲಿದ್ದದ್ದು ಗೊತ್ತಾಗ್ಲಿಲ್ವಲ್ಲಮ್ಮ,” ಎಂದು ಕಣ್ಣೊರೆಸಿಕೊಂಡರು.

ಮರುದಿನವೇ ಆಪರೇಷನ್ ಆಯಿತು. ಮೊಲದ ಕರುಳು ನಿಂತರೆ ಜೀವವೂ ನಿಂತ ಹಾಗೆ. ಅದಕ್ಕೇ ಸೊಪ್ಪು ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದೆ. ಎರಡನೇ ದಿನ ಮಧ್ಯಾಹ್ನ ನಾಲ್ಕು ಹಿಕ್ಕೆ ಹಾಕಿತು ನೋಡು, ಡಾಕ್ಟರಮ್ಮ ನನ್ನನ್ನು ತಬ್ಬಿಕೊಂಡು ಕುಣಿದುಬಿಟ್ಟರು! ಹಿಕ್ಕೆ ಕಂಡು ಕುಣಿಯುವ ಕೆಲಸ ಇನ್ನೆಲ್ಲಿದೆ ಹೇಳು? ಹೊಲಿಗೆ ಬಿಚ್ಚಲು ಬಂದ ದಿನ ಹತ್ತಿ ನನ್ನ ಕೋಟಿನ ಗುಂಡಿಯನ್ನೇ ಕಡಿದು ಕಿತ್ತಳು. ಅಷ್ಟು ಗಟ್ಟಿಯಾಗಿದ್ದಾಳೆ.

ಕೇಸಿನ ಹಾಳೆಯಲ್ಲಿ “ಗಡ್ಡೆಯನ್ನು ಮೊದಲು ಗುರುತಿಸಿದವರು” ಎಂದು ಬರೆದು, ಅದರ ಮುಂದೆ ಡಾಕ್ಟರಮ್ಮ ನನ್ನ ಹೆಸರು ಹಾಕಿದ್ದಾರೆ. ಮೂರು ಸಲ ಓದಿದೆ. ಇಷ್ಟೇ ಅಲ್ಲ, ಹನ್ನೆರಡನೇ ತಾರೀಕು ನೀನಿರುವ ಊರಿನ ಪಶುವೈದ್ಯ ಕಾಲೇಜಿನಲ್ಲಿ ಅವರು ಈ ಕೇಸಿನ ಬಗ್ಗೆ ಮಾತನಾಡುತ್ತಾರೆ. ಮೊಲದ ಹೊಟ್ಟೆ ಹೇಗೆ ಮುಟ್ಟಿ ನೋಡಬೇಕೆಂದು ಅಲ್ಲಿನ ಮಕ್ಕಳಿಗೆ ತೋರಿಸುವವಳು ನಾನು. ನಿಮ್ಮಮ್ಮ!

ಹೊತ್ತುಹೊತ್ತಿಗೆ ಉಣ್ಣು, ಕಣ್ಣು ಉರಿಯುವಷ್ಟು ಓದಬೇಡ. ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ.

ನಿನ್ನ ಪ್ರೀತಿಯ
ಅಮ್ಮ

ತಾ.ಕ.: ಹೋದ ಸಲ ನಾನು ನಿನ್ನ ಹಾಸ್ಟೆಲಿಗೆ ಬಂದು ಹೊರಟಾಗ ನಿನ್ನ ಗೆಳತಿ ನಿನ್ನನ್ನು “ಯಾರೇ ಅವ್ರು?” ಎಂದು ಕೇಳಿದಳು. “ನಮ್ಮನೆ ಹತ್ರ ಇರೋರು,” ಎಂದೆ ನೀನು. ನಾನು ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಕೇಳಿಸಿತು. ನಿನ್ನಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹನ್ನೆರಡರಂದು ಬೆಳಗ್ಗೆ ಹತ್ತಕ್ಕೆ ಕಾರ್ಯಕ್ರಮ. ಬರಬೇಕೆಂಬ ಒತ್ತಾಯವಿಲ್ಲ. ಬಂದರೆ ಆ ಗೆಳತಿಯನ್ನೂ ಕರೆದುಕೊಂಡು ಬಾ.