ಮುಂಜಾವಿನ ಬಣ್ಣದ ದೊರೊಕು

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಗಾಜಿನ ಕಪಾಟು ಒರೆಸಿದೆ. ಮೇಲಿನ ಸಾಲಲ್ಲಿ ಕೆಂಪು, ನೀಲಿ, ಬೆಳ್ಳಿ. ಕೆಳಗೆ ಬೇಸಿಗೆ ರಜೆಗೆಂದು ಬಿಟ್ಟ ಹಳದಿ, ಕತ್ತಲಲ್ಲಿ ಹೊಳೆಯುವ ಹಸಿರು. ಎಲ್ಲ ಅದೇ ದೊರೊಕು. ಅದೇ ರೋಬೋಟು, ಅದೇ ಎರಡು ಕೊಂಬು, ಅದೇ ಪೆದ್ದು ಮುಖ. ಬಣ್ಣ ಮಾತ್ರ ಬೇರೆ. ಒಂದೇ ಗೊಂಬೇನ ಎಷ್ಟು ಸಲ ತಗೋತೀಯ ಅಕ್ಕಾ ಅಂತ ತಂಗಿ ಸಾಯೊ ಫೋನಲ್ಲಿ ಹಳೇ ರಾಗ ತೆಗೆದಳು. ನೀನು ಒಬ್ಬನೇ ಗಂಡನ ಜೊತೆ ಎಷ್ಟು ಸಲ ಜಗಳ ಆಡ್ತೀಯ ಅಂದೆ. ಫೋನ್ ಇಟ್ಟಳು.

ಮೂಲೆ ಜಾಗ ಖಾಲಿ. ಅದು ಮುಂಜಾವಿನ ಬಣ್ಣದ್ದಕ್ಕೆ. ಟಿವಿಯಲ್ಲಿ ‘ಉಲ್ಕಾಪಡೆ’ ಮುಗಿದಾಗ ನನಗೆ ಎಂಟು ವರ್ಷ. ಕೊನೆಯ ಕಂತಲ್ಲಿ ದೊರೊಕು ಸೂರ್ಯನ ಕಡೆ ಹಾರ್ತಾ ಹಾರ್ತಾ ನಸುಗೆಂಪಾಗಿಬಿಟ್ಟ. ಎಷ್ಟು ಅತ್ತಿದ್ದೆ... ಆ ಬಣ್ಣದ ಗೊಂಬೆ ಬರುತ್ತೆ ಅಂತ ಡಬ್ಬಿಯೊಳಗಿನ ಚೀಟಿಯಲ್ಲಿ ಫೋಟೋ ಹಾಕಿದ್ದರು. ಅಷ್ಟರಲ್ಲಿ ಕಂಪನಿಯೇ ಬಾಗಿಲು ಹಾಕಿತು. ಒಂದೆರಡು ಮಾದರಿ ಕಾರ್ಖಾನೆಯಿಂದ ಹೊರಬಿದ್ದಿದ್ದವಂತೆ. ಕಂಡವರಿಲ್ಲ.

ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ದೊರೊಕು ಕೂಡಿಡುವವರ ಭಾನುವಾರದ ಕೂಟ. ಯಾರೋ ಹೊಸಬ ತಾನೇ ಬಣ್ಣ ಬಳಿದದ್ದನ್ನು ಅಸಲಿ ಬೆಳ್ಳಿ ಅಂತ ತೋರಿಸಿದ. ಮಿನೊಬೆ ಅಜ್ಜಿ — ಹಳೇ ಆಟಿಕೆ ಅಂಗಡಿಯವರು, ನಮಗೆಲ್ಲ ಹಿರಿಯರು — ತಿರುಗಿಸಿ ನೋಡಿ ಅವನ ಕೈಗೇ ವಾಪಸ್ ಇಟ್ಟರು. ನಮ್ಮಲ್ಲಿ ಬಣ್ಣ ಹಚ್ಚೋದು ತಪ್ಪಲ್ಲ. ಪಾದದ ಕೆಳಗೆ ಹಚ್ಚಿದವರು ಹೆಸರು ಬರೀಬೇಕು. ಹೆಸರಿಲ್ಲದ್ದು ಮೋಸ. ಅಂಥವರಿಗೆ ಇಲ್ಲಿ ಕುರ್ಚಿ ಇಲ್ಲ.

ಪಾಪ, ಹುಡುಗ ಅಳುಮುಖ ಮಾಡ್ಕೊಂಡು ಹೋದ. ಟ್ರಾಮ್ ಓಡಿಸುವ ಕುಸುಮೋತೊ ಮಾತ್ರ ಬಾಗಿಲ ತನಕ ಹೋಗಿ ಏನೋ ಸಮಾಧಾನ ಹೇಳಿ ಬಂದರು. ಎಂದಿನಂತೆ ಅವರ ಶರ್ಟ್ ಜೇಬಿಂದ ಕೆಂಪು ದೊರೊಕು ಇಣುಕುತ್ತಿತ್ತು. ಮೊದಲ ಅಚ್ಚಿನದು, ಎಡ ಹಿಮ್ಮಡಿಯಲ್ಲಿ ತೂತು ಇರುವಂಥದ್ದು. ಹಿಮ್ಮಡಿ ಸೀಳುತ್ತೆ ಅಂತ ಕಂಪನಿ ಆಮೇಲೆ ಆ ತೂತು ತೆಗೆದುಬಿಟ್ಟಿತು. ಏಳನೇ ವಯಸ್ಸಲ್ಲಿ ಆಸ್ಪತ್ರೆಯಲ್ಲಿದ್ದಾಗ ಅವರಪ್ಪ ತಂದುಕೊಟ್ಟದ್ದು. ಎಡ ಕೊಂಬಿನ ತುದಿಯನ್ನು ಪಕ್ಕದ ಮನೆ ನಾಯಿ ಕಡಿದು ಹಾಕಿದೆ. ಅದನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ.

ಫೆ. 14

ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ದಿನ. ಕುಸುಮೋತೊಗೆ ಕೊಟ್ಟೆ. ಬರೀ ಮರ್ಯಾದೆಗೆ. ಮಿನೊಬೆ ಅಜ್ಜಿಗೂ ಕೊಟ್ಟಿದ್ದೇನಲ್ಲ.

(ಅಜ್ಜಿಯದು ಸಣ್ಣ ಡಬ್ಬಿ.)

ಫೆ. 23, ಭಾನುವಾರ

ಕುಸುಮೋತೊ ಜೇಬು ಖಾಲಿ, ದೊರೊಕು ಇಲ್ಲ. ಮಗನನ್ನ ಎಲ್ಲಿ ಬಿಟ್ಟು ಬಂದ್ರಿ ಅಂತ ರೇಗಿಸಿದೆ. ಮನೇಲಿದ್ದಾನೆ, ನೆಗಡಿ ಅಂದರು. ಉಗುರಿನ ಸಂದಿಯಲ್ಲಿ ನಸುಗೆಂಪು ಕಲೆ. ಅದೇನು ಅಂದರೆ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣಂತೆ. ಊಟ ಮಾಡ್ತೀರೋ ಅದರಲ್ಲಿ ಸ್ನಾನ ಮಾಡ್ತೀರೋ ಅಂದೆ. ಕಿವಿ ಕೆಂಪಾಯಿತು. ಐವತ್ತು ದಾಟಿದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ನೋಡೋಕೆ ಚೆಂದ.

ಮಾರ್ಚ್ 14, ಶುಕ್ರವಾರ, ಸಂಜೆ 6

ಅಂಗಡಿ ಬೇಗ ಮುಚ್ಚಿಬಿಟ್ಟೆ.

ಚಾಕೊಲೇಟಿಗೆ ಪ್ರತಿಯಾಗಿ ಗಂಡಸರು ಕೊಡುವ ದಿನ ಇವತ್ತು. ಬಿಸ್ಕತ್ತು ತರ್ತಾರೆ ಅಂದುಕೊಂಡಿದ್ದೆ. ಕುಸುಮೋತೊ ನನ್ನ ಹೊಲಿಗೆ ಅಂಗಡಿಗೆ ಬಂದರು, ಡ್ಯೂಟಿ ಬಟ್ಟೆಯಲ್ಲೇ. ಸಕಾಯಿ ಊರಲ್ಲಿ ಹಳೇ ಪುಸ್ತಕದಂಗಡಿ ಮುಚ್ತಾ ಇದ್ರು... ಒಂದು ರಟ್ಟಿನ ಪೆಟ್ಟಿಗೇಲಿ ಇತ್ತು... ಅಂತ ಏನೇನೋ ತೊದಲಿದರು. ಬಿಚ್ಚಿದೆ.

ಮುಂಜಾವಿನ ಬಣ್ಣದ ದೊರೊಕು.

ಅದೇ ಬಣ್ಣ. ಕಾಲ ಹತ್ತಿರ ಇನ್ನೂ ಇರುಳಿನ ನೀಲಿ, ಎದೆಗೆ ಬರುವಷ್ಟರಲ್ಲಿ ನಸುಗೆಂಪು ಬೆಳಕು. ಗಿರಾಕಿ ಎದುರಿಗೇ ಅತ್ತುಬಿಟ್ಟೆ. ಧನ್ಯವಾದ ಹೇಳಿದೆನೋ ಇಲ್ಲವೋ ನೆನಪಿಲ್ಲ. ಕುಸುಮೋತೊ ಹೋದ ಮೇಲೆ ಅಜ್ಜಿಗೆ ಫೋನ್ ಮಾಡಿ ಕಿರುಚಿದೆ. ಕೂಟಕ್ಕೆ ತಾ, ಭೂತಗನ್ನಡಿ ಹಾಕಿ ನೋಡ್ತೀನಿ ಅಂದರು.

ಮಾ. 17

ಶಾಲೆ ಯೂನಿಫಾರ್ಮ್‌ಗಳ ರಾಶಿ. ನಿನ್ನೆ ಕೂಟಕ್ಕೆ ಹೋಗೋಕೆ ಆಗಲಿಲ್ಲ. ಒಂದು ಲಂಗ ಮಡಚಿ ಹೊಲಿದು ಒಂದು ಸಲ ಕಪಾಟು ನೋಡಿ ಬರೋದು. ಹುಚ್ಚಿ.

ಮಾ. 20

ಹಿಮ್ಮಡಿಯಲ್ಲಿ ತೂತು ಇದೆ.

ತುಂಬಿದ್ದಾರೆ. ಮೇಲೆ ಬಣ್ಣ ಹಚ್ಚಿದ್ದಾರೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಹೊಲಿಗೆ ಗಂಟು ಹುಡುಕುವ ಬೆರಳು ಇದು. ಧೂಳು ಒರೆಸುವಾಗ ಹೆಬ್ಬೆರಳಿಗೆ ಸಿಕ್ಕಿತು. ಮುಂಜಾವಿನದು ಕೊನೆಯ ವರ್ಷದ್ದು, ಅದಕ್ಕೆ ತೂತು ಹೇಗೆ ಬರುತ್ತೆ? ಯಾವುದೋ ಹಳೇದಕ್ಕೆ ಬಣ್ಣ ಬಳಿದು ಅಸಲಿ ಅಂತ ಕೊಟ್ಟಿದ್ದಾರೆ. ಪಾದದ ಕೆಳಗೆ ಹೆಸರಿಲ್ಲ.

ನನಗೇ ಮೋಸ ಮಾಡಿದರಲ್ಲ. ಅವತ್ತು ಅತ್ತದ್ದು ನೆನೆಸಿಕೊಂಡರೆ ಮೈ ಉರಿಯುತ್ತೆ.

ಮಾ. 23, ಭಾನುವಾರ

ಹೋಗಲಿಲ್ಲ. ಜ್ವರ ಅಂದೆ. ಅಜ್ಜಿ ಬಿಡುವವರಲ್ಲ — ಮುಂದಿನ ವಾರ ತರಲೇಬೇಕಂತೆ. ತೋರಿಸಿದರೆ ಕುಸುಮೋತೊ ಕುರ್ಚಿ ಹೋಗುತ್ತೆ. ತೋರಿಸದಿದ್ದರೆ ನಾನು ಸುಳ್ಳಿ ಆಗ್ತೀನಿ. ಹೋಗಲಿ ಅವರ ಕುರ್ಚಿ, ನನಗೇನು.

ಮಾ. 26

ಬೈಯೋಣ ಅಂತಲೇ ಕಿಟಕಿ ಹತ್ತಿರ ತಂದು ಸರಿಯಾಗಿ ನೋಡಿದೆ. ಎಡಗೊಂಬಿನ ತುದಿ ಬಲಗೊಂಬಿನಷ್ಟು ನುಣುಪಿಲ್ಲ. ಕೈಯಲ್ಲಿ ಮಾಡಿ ಅಂಟಿಸಿದ್ದು.

ಮೊದಲ ಅಚ್ಚು. ಎಡಗೊಂಬು. ಖಾಲಿ ಜೇಬು.

ಅಯ್ಯೋ ದೇವರೇ. ಇದು ಅವರದು. ಅಪ್ಪ ಕೊಟ್ಟದ್ದು.

ಥಿನ್ನರ್ ಹಾಕಿ ಒರೆಸಿದರೆ ಕೆಂಪು ವಾಪಸ್ ಬರಬಹುದಾ ಅಂತ ಒಂದು ಗಳಿಗೆ ಅಂದುಕೊಂಡೆ. ಬರಲ್ಲ. ಉಜ್ಜಿ ತೆಗೆದೇ ಹೊಸ ಬಣ್ಣ ಹಚ್ಚಿರುತ್ತಾರೆ. ಇಡೀ ಒಸಾಕಾದಲ್ಲಿ ಬೇರೆ ಗೊಂಬೆ ಸಿಗಲಿಲ್ಲವಾ ಈ ಮನುಷ್ಯನಿಗೆ?

ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದೆ. ಗಿರಾಕಿ ಬಂದು ಕೂಗಿದ್ದೂ ಕೇಳಿಸಲಿಲ್ಲ.

ಮಾ. 29, ಶನಿವಾರ

ಅವರ ಟ್ರಾಮ್ ಹತ್ತಿ ಕೊನೇ ನಿಲ್ದಾಣದ ತನಕ ಹೋದೆ. ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಒಮ್ಮೆಯೂ ಕಣ್ಣೆತ್ತಲಿಲ್ಲ. ಎಲ್ಲರೂ ಇಳಿದ ಮೇಲೆ ಬೆಂಚಿನ ಮೇಲೆ ಕೂತೆವು. ಚೀಲದಿಂದ ದೊರೊಕು ತೆಗೆದು ಮಧ್ಯೆ ಇಟ್ಟೆ. ಹಿಮ್ಮಡಿ ಮೇಲೆ ಬೆರಳಿಟ್ಟೆ.

ಟೋಪಿ ತೆಗೆದು ತೊಡೆ ಮೇಲೆ ಇಟ್ಟುಕೊಂಡರು.

“ನಾನು ಹಚ್ಚಿದ್ದು ಅಂದಿದ್ರೆ ನೀವು ಆ ಮೂಲೇಲಿ ಇಡ್ತಿರಲಿಲ್ಲ ಹಿಸಾನೊ ಅವರೇ. ಬೇರೆ ಎಲ್ಲೋ ಇಡ್ತಿದ್ರಿ.”

ನಿಜ. ಇಡುತ್ತಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಬಣ್ಣ ಹಚ್ಚೋಕೆ ನಿಮ್ಮಪ್ಪ ಕೊಟ್ಟದ್ದೇ ಬೇಕಿತ್ತಾ ಅಂತ ಕೇಳಿದೆ.

“ಅಂಗಡಿಯಿಂದ ತಂದು ಕೊಟ್ಟಿದ್ರೆ, ನನ್ನದು ಅಂತ ಅದರಲ್ಲಿ ಏನಿರ್ತಿತ್ತು?”

ಎದುರಿಗೆ ಖಾಲಿ ಟ್ರಾಮ್. ಒಳಗೆ ಯಾರೋ ಸೀಟು ಗುಡಿಸುತ್ತಿದ್ದರು. ಬೈಯೋಕೆ ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ನಾಳೆ ಕೂಟಕ್ಕೆ ಬನ್ನಿ, ನಿಮ್ಮ ಸಣ್ಣ ಬ್ರಷ್ ತನ್ನಿ ಅಂತ ಮಾತ್ರ ಹೇಳಿ ಅದೇ ಟ್ರಾಮಲ್ಲಿ ವಾಪಸ್ ಬಂದೆ.

ಮಾ. 30, ಭಾನುವಾರ, ಸಂಜೆ 5

ಕುಸುಮೋತೊ ಬಂದಿದ್ದರು. ಮುಖ ಬಿಳಿಚಿತ್ತು. ಅಜ್ಜಿ ಭೂತಗನ್ನಡಿ ತೆಗೆಯುವ ಮೊದಲೇ ಹೇಳಿಬಿಟ್ಟೆ — ಇದು ಕಾರ್ಖಾನೆಯದಲ್ಲ, ಕುಸುಮೋತೊ ಅವರ ಕೈಯದು, ಅಸಲಿ ಅಂತ ನಾನೇ ಕುಣಿದಾಡಿಬಿಟ್ಟೆ, ಹೆಸರು ಬರೆಯೋದು ಬಾಕಿ ಇದೆ. ಅಜ್ಜಿ ಗೊಂಬೆಯನ್ನು ತಿರುಗಿಸಿದರು. ಹಿಮ್ಮಡಿ ನೋಡಿದರು. ಕೊಂಬು ನೋಡಿದರು. ಕುಸುಮೋತೊ ಜೇಬು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು. ಭೂತಗನ್ನಡಿ ಮಡಚಿ ಚೀಲಕ್ಕೆ ಹಾಕಿ, ಮಸಿ ಒಣಗೋ ತನಕ ಮುಟ್ಟಬೇಡಿ ಅಂತಷ್ಟೇ ಅಂದರು.

ಕುಸುಮೋತೊ ಎಡ ಪಾದದ ಕೆಳಗೆ ತಮ್ಮ ಹೆಸರು ಬರೆದರು. ಆಮೇಲೆ ಬ್ರಷ್ ನನ್ನ ಕಡೆ ತಳ್ಳಿದರು.

“ಬಲಗಡೆ ಖಾಲಿ ಇದೆ.”

ಹಚ್ಚಿದವರು ಮಾತ್ರ ಬರೀಬೇಕು, ಅದು ನಿಯಮ. ಅಜ್ಜಿ ಕಡೆ ನೋಡಿದೆ. ಅವರು ಕಿಟಕಿಯಾಚೆ ಏನೋ ಭಾರೀ ಮುಖ್ಯವಾದದ್ದು ಇರುವ ಹಾಗೆ ಆ ಕಡೆಯೇ ನೋಡುತ್ತಿದ್ದರು. ಬರೆದೆ. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕೈ, ನನ್ನ ಹೆಸರು ಸೊಟ್ಟಗೆ ಬಂತು. ಇರಲಿ.

ಆಮೇಲೆ ನಾನು ತಂದಿದ್ದನ್ನು ತೆಗೆದೆ. ನನ್ನ ಕಪಾಟಿನ ಕೆಂಪು. ಮೊದಲ ಅಚ್ಚಿನದಲ್ಲ, ಕೊಂಬು ಎರಡೂ ಸರಿ ಇದೆ, ಅವರಪ್ಪ ಕೊಟ್ಟದ್ದಂತೂ ಅಲ್ಲವೇ ಅಲ್ಲ. ಕುಸುಮೋತೊ ಜೇಬಿಗೆ ಇಳಿಸಿದೆ. ಅವರು ಜೇಬಿನ ಮೇಲೆ ಅಂಗೈ ಇಟ್ಟುಕೊಂಡರು. ಅಷ್ಟು ಹತ್ತಿರದಿಂದ ನೋಡಿದಾಗ ಕಂಡಿತು, ಜೇಬಿನ ಅಂಚು ಬಿಚ್ಚಿಕೊಂಡಿದೆ. ಹೊಲಿದು ಕೊಡ್ತೀನಿ ಅಂದೆ. ಯಾವಾಗ ಅಂದರು. ಇವತ್ತೇ ಅಂದೆ. ಬಾಯಿ ತಪ್ಪಿ ಅಲ್ಲ.

ಈಗ ಮೂಲೆ ತುಂಬಿದೆ. ಕೆಂಪಿನ ಜಾಗ ಖಾಲಿ. ಎಷ್ಟು ಸಲ ನೋಡಿದರೂ ಖಾಲಿ ಅನಿಸುತ್ತಿಲ್ಲ. ಆ ಕೆಂಪು ಎಲ್ಲಿದೆ ಅಂತ ಗೊತ್ತಲ್ಲ, ಅದಕ್ಕೇ ಇರಬೇಕು... ಕೆಂಪು ದಾರದ ಉಂಡೆ ಎಲ್ಲಿ ಇಟ್ಟೆನೋ, ಚಹಾಕ್ಕೆ ನೀರೂ ಇಟ್ಟಿಲ್ಲ. ಕುಸುಮೋತೊ ಬಂದು ಬಾಗಿಲು ತಟ್ಟಿದರು. ಬಂದೆ ಅಂತ ಕೂಗಿದ್ದೇನೆ, ಆದರೂ ಇದೊಂದು ಮಾತು ಬರೆದೇ ಏಳಬೇಕು, ಇವತ್ತು ನನಗೆ ಎಷ್ಟು —